ಮಹಿಳೆಯರ ಕ್ಯಾನ್ಸರ್ ತಪಾಸಣೆ: ಜನಪ್ರತಿನಿಧಿ ಅರ್ಧ ಗಂಟೆ ಕೊಟ್ಟಿದ್ದಾರೆ, ಏನು ಕೇಳಬೇಕು?

ಮುಂಗಾರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಒಂದಷ್ಟು ಹೆಂಗಸರು ಸೇರಿ ಗುಂಪು ಮಾಡಿಕೊಂಡಿದ್ದೇವೆ. ಸ್ತನ ಕ್ಯಾನ್ಸರ್ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ದುಡ್ಡಿದ್ದವರಿಗೆ, ಪೇಟೆಯಲ್ಲಿರುವವರಿಗೆ ಮಾತ್ರ ಅಲ್ಲ, ಎಲ್ಲ ಹೆಂಗಸರಿಗೂ ಸಿಗಬೇಕು ಅನ್ನುವುದು ನಮ್ಮ ಬೇಡಿಕೆ. ತುಂಬಾ ಓಡಾಡಿದ ಮೇಲೆ ನಮ್ಮ ಕ್ಷೇತ್ರದ ಜನಪ್ರತಿನಿಧಿ ಭೇಟಿಗೆ ಒಪ್ಪಿದ್ದಾರೆ. ಮುಂದಿನ ತಿಂಗಳು, ಅರ್ಧ ಗಂಟೆ. ಮನವಿ ಒಂದು ಪುಟ ದಾಟಬಾರದು ಎಂದು ಅವರ ಆಪ್ತ ಸಹಾಯಕರು ಮೊದಲೇ ಹೇಳಿಬಿಟ್ಟಿದ್ದಾರೆ.

ಆ ಒಂದು ಪುಟದಲ್ಲಿ ಏನಿರಬೇಕು ಅನ್ನುವುದೇ ನಮ್ಮೊಳಗೆ ಬಗೆಹರಿಯುತ್ತಿಲ್ಲ. ಒಬ್ಬರು ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್-ರೇ ತೆಗೆಯುವ ಯಂತ್ರ ಇರುವ ಬಸ್ ಕೇಳೋಣ ಎನ್ನುತ್ತಾರೆ. ಇನ್ನೊಬ್ಬರಿಗೆ ವರ್ಷಕ್ಕೆರಡು ಉಚಿತ ಶಿಬಿರ ಆದರೆ ಸಾಕು. ಮತ್ತೊಬ್ಬರು ಕೇಳುವುದಾದರೆ ದೊಡ್ಡದಾಗೇ ಕೇಳೋಣ, ಎಲ್ಲ ವಯಸ್ಸಿನವರಿಗೂ ಪ್ರತಿವರ್ಷ ಸ್ತನ, ಗರ್ಭಕಂಠ, ಅಂಡಾಶಯ ಎಲ್ಲದರ ತಪಾಸಣೆ ಆಗಲಿ ಎಂದು ಹಟ ಹಿಡಿದಿದ್ದಾರೆ. ಎಲ್ಲರ ಮಾತಿನಲ್ಲೂ ಕಾಳಜಿ ಇದೆ. ಆದರೆ ಎಲ್ಲವನ್ನೂ ಬರೆದರೆ ಯಾವುದೂ ಆಗುವುದಿಲ್ಲ ಅನ್ನುವ ಭಯ ನನಗೆ.

ನಾನು ಈ ಗುಂಪಿಗೆ ಸೇರಿದ್ದು ನನ್ನ ಅಕ್ಕನಿಂದಾಗಿ. ಅವಳು ಒಂದು ಉಚಿತ ಶಿಬಿರದಲ್ಲಿ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಂಡಿದ್ದಳು. ಫಾರಂನಲ್ಲಿ ಬರೆಸಿದ್ದು ಭಾವನ ಫೋನ್ ನಂಬರ್. ಆ ನಂಬರ್ ಆಮೇಲೆ ಬದಲಾಯಿತು. 'ಮತ್ತೊಮ್ಮೆ ಬಂದು ತೋರಿಸಿ' ಅನ್ನುವ ಮೆಸೇಜ್ ಯಾರಿಗೆ ಹೋಯಿತೋ ಗೊತ್ತಿಲ್ಲ, ಅವಳಿಗಂತೂ ಮುಟ್ಟಲಿಲ್ಲ. ಏನೂ ಹೇಳಿಲ್ಲ ಅಂದರೆ ಏನೂ ಇಲ್ಲ ಅಂತ ತಾನೇ ಅಂದುಕೊಳ್ಳುವುದು? ಅವಳೂ ಹಾಗೇ ನಿಶ್ಚಿಂತೆಯಿಂದ ಇದ್ದಳು. ಬಹಳ ದಿನಗಳಾದ ಮೇಲೆ ಬೇರೆ ತೊಂದರೆಗೆ ಆಸ್ಪತ್ರೆಗೆ ಹೋದಾಗ ವಿಷಯ ತಿಳಿಯಿತು. ಅದೃಷ್ಟಕ್ಕೆ ಅದು ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಚಿಕಿತ್ಸೆ ಆಯಿತು, ಈಗ ಚೆನ್ನಾಗಿದ್ದಾಳೆ.

ಅವಳಿಗೆ ಪರೀಕ್ಷೆ ಉಚಿತವಾಗಿತ್ತು, ಹತ್ತಿರದಲ್ಲೇ ಇತ್ತು, ಮಾಡಿದವರೂ ಒಳ್ಳೆಯವರೇ. ಆದರೂ ಹೀಗಾಯಿತು. ಹಾಗಾದರೆ ನಾವು ಕೇಳಬೇಕಾದ್ದು ಏನನ್ನು? ಈ ಕೆಲಸ ಒಳಗಿನಿಂದ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.


ನಿವೃತ್ತ ಸಿಸ್ಟರ್ ಬರೆದದ್ದು:

ಕೆಲಸದಲ್ಲಿದ್ದಷ್ಟು ಕಾಲವೂ ಮಹಿಳಾ ವಿಭಾಗದಲ್ಲಿ ನರ್ಸ್ ಆಗಿದ್ದವಳು ನಾನು. ನಿಮ್ಮ ಅಕ್ಕನ ಕಥೆ ಓದಿ ಸುಮ್ನೆ ಇರಲಾಗಲಿಲ್ಲ. ಇಂಥ ಎಷ್ಟೋ ಅಕ್ಕಂದಿರನ್ನು ನೋಡಿದ್ದೇನೆ.

ನೇರವಾಗಿ ಹೇಳುತ್ತೇನೆ. ಶಿಬಿರ ಕೇಳಬೇಡಿ. ಬಸ್ಸನ್ನೂ ಮೊದಲ ಸಾಲಿನಲ್ಲಿ ಕೇಳಬೇಡಿ. ಪರೀಕ್ಷೆ ಆದ ಮೇಲೆ ಆ ಹೆಂಗಸು ಎಲ್ಲಿಗೆ ಹೋಗಬೇಕು, ಯಾರು ಕರೆದುಕೊಂಡು ಹೋಗುತ್ತಾರೆ, ದುಡ್ಡು ಯಾರು ಕೊಡುತ್ತಾರೆ, ಎಷ್ಟು ದಿನದೊಳಗೆ ಆಗುತ್ತದೆ, ಇದನ್ನು ಕೇಳಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ವಿಭಾಗದಲ್ಲಿ ಒಂದು ದಪ್ಪ ರಿಜಿಸ್ಟರ್ ಇರುತ್ತಿತ್ತು. ಹೆಸರು, ವಯಸ್ಸು, ಫೋನ್ ನಂಬರ್, ಪರೀಕ್ಷೆ ಮಾಡಿದ ದಿನ, ಫಲಿತಾಂಶ. ಕೊನೆಯ ಕಾಲಂ 'ಮುಂದಿನ ಕ್ರಮ'. ಮೊದಲ ಕಾಲಂಗಳು ಸಾಲಾಗಿ ನೀಲಿ ಇಂಕಿನಲ್ಲಿ ತುಂಬಿರುತ್ತಿದ್ದವು. ಫಲಿತಾಂಶದಲ್ಲಿ ದೋಷ ಕಂಡ ಕಡೆ ಕೆಂಪು ಇಂಕಿನ ಗುರುತು. ಅದರ ಪಕ್ಕದ ಕೊನೆಯ ಕಾಲಂ ಮಾತ್ರ ಪುಟ ತಿರುವಿದಂತೆಲ್ಲ ಖಾಲಿ. ಯಾರೂ ಸೋಮಾರಿಗಳಾಗಿರಲಿಲ್ಲ. ಆ ಕಾಲಂ ತುಂಬುವುದು ಯಾರ ಕೆಲಸ ಎಂದು ಎಲ್ಲೂ ಬರೆದಿರಲಿಲ್ಲ, ಅಷ್ಟೇ. ಮೇಲಿನವರಿಗೆ ತಿಂಗಳ ವರದಿಯಲ್ಲಿ ಹೋಗುತ್ತಿದ್ದದ್ದು ಒಂದೇ ಸಂಖ್ಯೆ, ಎಷ್ಟು ಜನರಿಗೆ ಪರೀಕ್ಷೆ ಆಯಿತು ಅನ್ನುವುದು. ದೋಷ ಕಂಡವರಲ್ಲಿ ಎಷ್ಟು ಜನರಿಗೆ ಚಿಕಿತ್ಸೆ ಮುಗಿಯಿತು ಎಂದು ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಫೋನ್ ಮಾಡಲು ಒಬ್ಬ ಮನುಷ್ಯರನ್ನೂ ಕೊಡಲಿಲ್ಲ.

ಬ್ರಿಟನ್‌ನಲ್ಲಿ ಏನಾಯಿತು ನೋಡಿ. ಅಲ್ಲಿ ಪ್ಯಾಪ್ ಪರೀಕ್ಷೆ, ಅಂದರೆ ಗರ್ಭಕಂಠದ ಜೀವಕೋಶ ತೆಗೆದು ದೋಷ ಇದೆಯೇ ಎಂದು ನೋಡುವ ಪರೀಕ್ಷೆ, 1960ರ ದಶಕದಿಂದಲೂ ಇತ್ತು. ತಾವಾಗಿ ಡಾಕ್ಟರ ಹತ್ತಿರ ಹೋಗುತ್ತಿದ್ದವರಿಗೆ ಮತ್ತೆ ಮತ್ತೆ ಆಗುತ್ತಿತ್ತು. ಯಾರಿಗೆ ಜಾಸ್ತಿ ಅಪಾಯವೋ, ಆ ವಯಸ್ಸಾದ, ಬಡ ಹೆಂಗಸರು ಹೊರಗೇ ಉಳಿಯುತ್ತಿದ್ದರು. ವರ್ಷಗಟ್ಟಲೆ ಪರೀಕ್ಷೆ ನಡೆದರೂ ಕಾಯಿಲೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. 1988ರಲ್ಲಿ ಎಲ್ಲ ಹೆಂಗಸರ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿ, ಅವಧಿ ಬಂದಾಗ ಪ್ರತಿಯೊಬ್ಬರಿಗೂ ಕರೆಯೋಲೆ ಕಳಿಸಿ, ಬರದಿದ್ದವರಿಗೆ ಮತ್ತೆ ಕಳಿಸುವ ಏರ್ಪಾಡು ಶುರುವಾಯಿತು. ಆಮೇಲೆ ಕಾಯಿಲೆಯೂ ಸಾವೂ ಎದ್ದು ಕಾಣುವಂತೆ ಇಳಿದವು. ಪರೀಕ್ಷೆ ಅದೇ, ಹಳೆಯದೇ. ಹೊಸದಾಗಿ ಬಂದದ್ದು ಪಟ್ಟಿ ಮತ್ತು ಕಾಗದ.

ಅಮೆರಿಕದ ಕಥೆಯನ್ನಂತೂ ನಿಮ್ಮ ಜನಪ್ರತಿನಿಧಿಗೆ ಖಂಡಿತ ಹೇಳಿ. 1990ರಲ್ಲಿ ಅಲ್ಲಿನ ಸಂಸತ್ತು ವಿಮೆ ಇಲ್ಲದ, ಕಡಿಮೆ ಆದಾಯದ ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿಸುವ ಕಾನೂನು ತಂದಿತು. ಒಳ್ಳೆಯ ಕಾನೂನು. ಆದರೆ ಅದರಲ್ಲಿ ಚಿಕಿತ್ಸೆಗೆ ಹಣ ಇರಲಿಲ್ಲ. ನಿಮಗೆ ಕ್ಯಾನ್ಸರ್ ಇದೆ ಎಂದು ಸರಕಾರದ ಕಾರ್ಯಕ್ರಮವೇ ಹೇಳುತ್ತದೆ, ಮುಂದಿನದ್ದನ್ನು ನೀವೇ ನೋಡಿಕೊಳ್ಳಿ ಎನ್ನುತ್ತದೆ. ಕೈಯಲ್ಲಿ ರಿಪೋರ್ಟ್ ಹಿಡಿದು ದಾನಿಗಳನ್ನು ಹುಡುಕುವ ಪಾಡು. ಮಹಿಳೆಯರ ಸಂಘಟನೆಗಳು ಹಟ ಬಿಡದೆ ಬೆನ್ನು ಹತ್ತಿದ ಮೇಲೆ, 2000ದಲ್ಲಿ ಎರಡನೇ ಕಾನೂನು ಬಂತು. ಆ ಕಾರ್ಯಕ್ರಮದಲ್ಲಿ ಕಾಯಿಲೆ ಪತ್ತೆಯಾದವರಿಗೆ ಮೆಡಿಕೇಡ್ ಎಂಬ ಸರಕಾರಿ ವಿಮೆಯಿಂದ ಚಿಕಿತ್ಸೆ ಕೊಡಿಸಲು ರಾಜ್ಯಗಳಿಗೆ ದಾರಿಯಾಯಿತು. ಎರಡು ಕಾನೂನುಗಳ ನಡುವೆ 10 ವರ್ಷ. ಆ 10 ವರ್ಷದಲ್ಲಿ ಗೊತ್ತಾಗಿಯೂ ಚಿಕಿತ್ಸೆ ಸಿಗದ ಹೆಂಗಸರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಬೇರೆಯವರು ಒಮ್ಮೆ ಎಡವಿದ ಕಡೆ ನಾವೂ ಎಡವಬೇಕಿಲ್ಲ. ಪರೀಕ್ಷೆಯ ಹಣ, ಚಿಕಿತ್ಸೆಯ ಹಣ, ಎರಡೂ ಒಂದೇ ಆದೇಶದಲ್ಲಿ ಇರಲಿ ಎಂದು ಕೇಳಿ.

ಇದು ನಮ್ಮ ಆಸೆ ಮಾತ್ರ ಅಲ್ಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಗರ್ಭಕಂಠದ ಕ್ಯಾನ್ಸರ್ ನಿರ್ಮೂಲನೆಗೆ ಒಪ್ಪಿದ ಗುರಿ 90-70-90. 2030ರೊಳಗೆ 90 ಶೇಕಡಾ ಹುಡುಗಿಯರಿಗೆ 15 ವರ್ಷ ತುಂಬುವ ಮೊದಲು ಎಚ್‌ಪಿವಿ, ಅಂದರೆ ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸಿನ ವಿರುದ್ಧ ಲಸಿಕೆ. 70 ಶೇಕಡಾ ಹೆಂಗಸರಿಗೆ 35 ವರ್ಷದೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ಒಳ್ಳೆಯ ಗುಣಮಟ್ಟದ ಪರೀಕ್ಷೆ. ದೋಷ ಕಂಡವರಲ್ಲಿ 90 ಶೇಕಡಾ ಜನರಿಗೆ ಚಿಕಿತ್ಸೆ. ಭಾಷಣಗಳಲ್ಲಿ ಲಸಿಕೆ ಬರುತ್ತದೆ, ಪರೀಕ್ಷೆ ಬರುತ್ತದೆ, ಕೊನೆಯ 90ನ್ನು ಯಾರೂ ಎತ್ತುವುದಿಲ್ಲ. ನೀವು ಅಲ್ಲಿಂದಲೇ ಶುರು ಮಾಡಿ. ಸ್ತನ ಕ್ಯಾನ್ಸರ್‌ಗೂ ಅದೇ ಸಂಸ್ಥೆ ಹೇಳಿರುವ ಅಳತೆ ಇದೆ: ಹೆಂಗಸು ಮೊದಲ ಸಲ ಬಂದು ತೋರಿಸಿದ ಮೇಲೆ 60 ದಿನದೊಳಗೆ ರೋಗ ಹೌದೋ ಅಲ್ಲವೋ ತೀರ್ಮಾನ ಆಗಬೇಕು.

ಇನ್ನೊಂದು ಮಾತು, ತಾವೇ ಸ್ಯಾಂಪಲ್ ತೆಗೆದುಕೊಳ್ಳುವ ವಿಧಾನದ ಬಗ್ಗೆ. ಇದನ್ನು ನಿಮ್ಮ ಪುಟದಲ್ಲಿ ಬಿಡಲೇಬೇಡಿ. ಎಷ್ಟೋ ಹೆಂಗಸರು ಪರೀಕ್ಷೆಯ ಮೇಜಿನವರೆಗೂ ಬಂದು ವಾಪಸ್ ಹೋದದ್ದನ್ನು ನೋಡಿದ್ದೇನೆ. ನಾಚಿಕೆ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಿಂದೆ ಯಾರೋ ಒರಟಾಗಿ ನಡೆದುಕೊಂಡಿರುತ್ತಾರೆ, ಮೈಮೇಲೆ ದೌರ್ಜನ್ಯ ಆಗಿರುತ್ತದೆ, ಸ್ಪೆಕ್ಯುಲಂ ಅಂದರೆ ಆ ಲೋಹದ ಸಾಧನ ಕಂಡರೇ ಮೈ ಬಿಗಿಯುತ್ತದೆ. ಎಚ್‌ಪಿವಿ ಪರೀಕ್ಷೆಗೆ ಅದು ಬೇಕಾಗಿಲ್ಲ. ಕಿವಿಗೆ ಹಾಕುವ ಬಡ್‌ಗಿಂತ ಉದ್ದನೆಯ, ತುದಿ ಮೆತ್ತಗಿರುವ ಒಂದು ಕಡ್ಡಿ. ಬಾಗಿಲು ಹಾಕಿಕೊಂಡು ತಾನೇ ಒಳಗೆ ಇಟ್ಟು, ಕೆಲವು ಸುತ್ತು ತಿರುಗಿಸಿ, ಕೊಳವೆಗೆ ಹಾಕಿ ಕೊಟ್ಟರೆ ಆಯಿತು. ಲ್ಯಾಬಿನಲ್ಲಿ ಪಿಸಿಆರ್ ವಿಧಾನದಲ್ಲಿ ನೋಡಿದರೆ ಡಾಕ್ಟರ್ ತೆಗೆದ ಸ್ಯಾಂಪಲ್‌ಗೆ ಹೆಚ್ಚುಕಡಿಮೆ ಸಮನಾಗಿ ಫಲಿತಾಂಶ ಬರುತ್ತದೆ. ಆಸ್ಟ್ರೇಲಿಯಾ 2022ರ ಜುಲೈನಿಂದ ತಪಾಸಣೆಗೆ ಬರುವ ಎಲ್ಲ ಹೆಂಗಸರಿಗೂ ಈ ಆಯ್ಕೆ ಕೊಟ್ಟಿದೆ. ಒಂದು ಎಚ್ಚರಿಕೆ: ಇದು ವೈರಸ್ ಹುಡುಕುವ ಪರೀಕ್ಷೆಗೆ ಮಾತ್ರ ಆಗುತ್ತದೆ, ಪ್ಯಾಪ್ ಪರೀಕ್ಷೆಗೆ ಆಗುವುದಿಲ್ಲ. ಜೊತೆಗೆ, ವೈರಸ್ ಕಂಡವರು ಮುಂದಿನ ಪರೀಕ್ಷೆಗೆ ಬರಲೇಬೇಕು. ಮತ್ತೆ ಆ ಕೊನೆಯ ಕಾಲಂಗೇ ಬಂದೆವು, ಅಲ್ವಾ?


ಅಂಕಿಅಂಶ ಬರೆದದ್ದು:

ಸಿಸ್ಟರ್ ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ. ನಾನು ಸಾರ್ವಜನಿಕ ಆರೋಗ್ಯದ ಲೆಕ್ಕಾಚಾರದ ಕೆಲಸದಲ್ಲಿರುವವನು. ಒಂದು ವಿಷಯದಲ್ಲಿ ಮಾತ್ರ ನಿಮ್ಮ ಗುಂಪಿಗೆ ತಕರಾರು ಹೇಳಬೇಕು.

ಅಂಡಾಶಯದ ಕ್ಯಾನ್ಸರ್ ತಪಾಸಣೆಯನ್ನು ಪಟ್ಟಿಯಿಂದ ತೆಗೆಯಿರಿ. ಆ ಕಾಯಿಲೆ ಭೀಕರ, ನಿಜ. ಆದರೆ ಬ್ರಿಟನ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಬಹಳ ವರ್ಷ ನಡೆದ ಅಧ್ಯಯನದ ಕೊನೆಯ ಫಲಿತಾಂಶ 2021ರಲ್ಲಿ ಬಂತು. ರಕ್ತ ಪರೀಕ್ಷೆ, ಸ್ಕ್ಯಾನ್ ಎರಡನ್ನೂ ಬಳಸಿ ನೋಡಿದರು, ಸಾವು ಕಡಿಮೆಯಾಗಲಿಲ್ಲ. ಆರೋಗ್ಯವಂತರಿಗೆ ಅನಗತ್ಯ ಆಪರೇಷನ್ ಆಗುವ ಅಪಾಯ ಬೇರೆ. ಜನಪ್ರತಿನಿಧಿಯ ಪಕ್ಕದಲ್ಲಿ ಒಬ್ಬ ಡಾಕ್ಟರ್ ಕೂತಿದ್ದರೆ ಈ ಒಂದು ಸಾಲು ಹಿಡಿದು ನಿಮ್ಮ ಇಡೀ ಮನವಿಯನ್ನೇ ಪಕ್ಕಕ್ಕಿಡುತ್ತಾರೆ. ಯಾವ ಕಾಯಿಲೆಗೆ ತಪಾಸಣೆ ಮಾಡಬಹುದು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲೇ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರ ಕೈಯಲ್ಲಿ ಬರೆಸಿದ ಸೂತ್ರಗಳಿವೆ. ಪತ್ತೆಯಾದರೆ ಒಪ್ಪಿತ ಚಿಕಿತ್ಸೆ ಇರಬೇಕು, ರೋಗ ಪತ್ತೆಗೂ ಚಿಕಿತ್ಸೆಗೂ ಸೌಕರ್ಯ ಇರಬೇಕು ಅನ್ನುವುದು ಅದರಲ್ಲಿ ಮುಖ್ಯ. ಸಿಸ್ಟರ್ ರಿಜಿಸ್ಟರ್ ಕಾಲಂನಲ್ಲಿ ಕಂಡದ್ದನ್ನೇ ಅವರೂ ಹೇಳಿದ್ದು.

'ಪ್ರತಿವರ್ಷ', 'ಎಲ್ಲ ವಯಸ್ಸು' ಕೂಡ ಬೇಡ. ಎಚ್‌ಪಿವಿ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. ಹಾಗಾಗಿ 30 ವರ್ಷದಿಂದ ಶುರು ಮಾಡಿ 5-10 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಬ್ಬರಿಗೇ ವರ್ಷ ವರ್ಷ ಮಾಡುವ ಹಣದಲ್ಲಿ ಒಮ್ಮೆಯೂ ಮಾಡಿಸಿಕೊಳ್ಳದ ಎಷ್ಟೋ ಜನರನ್ನು ತಲುಪಬಹುದು. ನ್ಯಾಯ ಅಂದರೆ ಅದೇ ಅಲ್ವಾ? ಮ್ಯಾಮೋಗ್ರಾಮ್ ವಯಸ್ಸಿನ ಬಗ್ಗೆ ದೇಶ ದೇಶಕ್ಕೂ ವ್ಯತ್ಯಾಸವಿದೆ. ಬ್ರಿಟನ್‌ನಲ್ಲಿ 50 ದಾಟಿದವರಿಗೆ 3 ವರ್ಷಕ್ಕೊಮ್ಮೆ. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ 40ರಿಂದ 74ರವರೆಗೆ 2 ವರ್ಷಕ್ಕೊಮ್ಮೆ ಎಂದಿತು. ಅಲ್ಲಿ ಕಪ್ಪು ವರ್ಣದ ಹೆಂಗಸರು ಸ್ತನ ಕ್ಯಾನ್ಸರ್‌ನಿಂದ ಸಾಯುವ ಸಾಧ್ಯತೆ ಬಿಳಿಯರಿಗಿಂತ ಸುಮಾರು 40 ಶೇಕಡಾ ಹೆಚ್ಚು ಎಂದು ಆ ಸಮಿತಿಯೇ ಎತ್ತಿ ಹೇಳಿದೆ, ತಪಾಸಣೆಯ ನಂತರದ ಆರೈಕೆಯಲ್ಲಿ ಆಗುವ ವಿಳಂಬವನ್ನೂ ಸರಿಪಡಿಸಬೇಕು ಎಂದಿದೆ. ವಯಸ್ಸಿನ ಗಡಿಯನ್ನು ತಜ್ಞರಿಗೆ ಬಿಡಿ, ಯಾರು ಬಿಟ್ಟುಹೋಗುತ್ತಿದ್ದಾರೆ ಅನ್ನುವುದನ್ನು ನೀವು ಹಿಡಿಯಿರಿ.

ಯಂತ್ರ ಇಲ್ಲದ ಕಡೆ ಏನೂ ಆಗುವುದಿಲ್ಲ ಅಂತಲೂ ಅಲ್ಲ. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿದ ಅಧ್ಯಯನ ಪ್ರಪಂಚದ ಗಮನ ಸೆಳೆದದ್ದು ಇದಕ್ಕೇ. ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರೇ ವಿನೆಗರಿನ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆ ಮಾಡಿದರು. ಗರ್ಭಕಂಠದ ಕ್ಯಾನ್ಸರ್ ಸಾವು 31 ಶೇಕಡಾ ಕಡಿಮೆಯಾಯಿತು. ಅವರೇ 2 ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದ್ದರಿಂದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು 30 ಶೇಕಡಾ ಇಳಿಯಿತು. 50ರ ಕೆಳಗಿನವರಲ್ಲಿ ಆ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು.

ಕೊನೆಯದಾಗಿ, ಮನವಿಯಲ್ಲಿ ಒಂದು ಸಾಲು ಅಂಕಿಅಂಶಕ್ಕೆ ಮೀಸಲಿಡಿ. ಒಟ್ಟು ಸಂಖ್ಯೆ ಸಾಲದು. ಆದಾಯ, ವಾಸಸ್ಥಳ, ಸಮುದಾಯ, ಅಂಗವೈಕಲ್ಯ, ಹೀಗೆ ಬಿಡಿಸಿ ಬಿಡಿಸಿ ವರ್ಷಕ್ಕೊಮ್ಮೆ ಪ್ರಕಟಿಸಲಿ. ಒಟ್ಟು ಸರಾಸರಿ ಚೆನ್ನಾಗಿ ಕಂಡರೂ ಅದರೊಳಗೆ ಯಾರೋ ಒಂದು ಗುಂಪು ಪೂರ್ತಿ ಹೊರಗುಳಿದಿರುತ್ತದೆ.


ಗಾಲಿಕುರ್ಚಿಯವಳು ಬರೆದದ್ದು:

ಆ ಹೊರಗುಳಿದ ಗುಂಪಿನ ಪರವಾಗಿ ನಾನು ಬರೆಯುತ್ತೇನೆ. ಬೆನ್ನುಹುರಿಗೆ ಪೆಟ್ಟಾದ ಮೇಲೆ ನನಗೆ ನಿಲ್ಲಲು ಆಗುವುದಿಲ್ಲ. ಮ್ಯಾಮೋಗ್ರಾಮ್‌ಗೆ ಹೋದಾಗ ಯಂತ್ರದ ಮುಂದೆ ಕೇಳಿದ ಮೊದಲ ಪ್ರಶ್ನೆ, 'ಒಂದೇ ಒಂದು ನಿಮಿಷ ಎದ್ದು ನಿಲ್ಲುತ್ತೀರಾ?' ಆಗುವುದಿಲ್ಲ ಎಂದೆ. ಹಾಗಾದರೆ ಇಲ್ಲಿ ಆಗುವುದಿಲ್ಲ ಎಂದರು. ಕೂತವರ ಮಟ್ಟಕ್ಕೆ ಇಳಿಯುವ ಯಂತ್ರಗಳಿವೆ. ಕೆಲವು ಕಡೆ ಅಂಥ ಯಂತ್ರ ಇದ್ದರೂ ಗಾಲಿಕುರ್ಚಿ ತಿರುಗುವಷ್ಟು ಜಾಗ ಆ ಕೋಣೆಯಲ್ಲಿ ಇರುವುದಿಲ್ಲ. ಗರ್ಭಕಂಠದ ಪರೀಕ್ಷೆಯ ಮೇಜು ನನ್ನ ಭುಜದ ಎತ್ತರಕ್ಕಿತ್ತು. ಅಪರಿಚಿತರು ನನ್ನನ್ನು ಎತ್ತಿ ಮಲಗಿಸಬೇಕಾಯಿತು. ಆ ಹೊತ್ತಿನ ಅವಮಾನವನ್ನು ಬರೆಯಲು ನನಗೆ ಇಷ್ಟವಿಲ್ಲ.

ಎತ್ತರ ಇಳಿಸುವ ಮೇಜು ಹೊಸ ಆವಿಷ್ಕಾರ ಏನಲ್ಲ. ಖರೀದಿ ಆದೇಶದಲ್ಲಿ ಒಂದು ಷರತ್ತು ಸೇರಿಸಿದರೆ ಸಾಕು. ಇನ್ನು ಮುಂದೆ ಕೊಳ್ಳುವ ಪ್ರತಿಯೊಂದು ಮೇಜು, ಪ್ರತಿಯೊಂದು ಯಂತ್ರ ಕೂತವರಿಗೂ ಬಳಸಲು ಬರುವಂತಿರಲಿ. ಇದನ್ನು ಕರುಣೆ ಎಂದು ಬರೆಯಬೇಡಿ, ಖರೀದಿ ನಿಯಮ ಎಂದೇ ಬರೆಯಿರಿ. ನಿಯಮ ಆದರೆ ಅಧಿಕಾರಿ ಬದಲಾದರೂ ಉಳಿಯುತ್ತದೆ.

ಎಚ್‌ಐವಿ ಇರುವ ಹೆಂಗಸರನ್ನೂ ಮರೆಯಬೇಡಿ. ಅವರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ 6 ಪಟ್ಟು ಹೆಚ್ಚು. 25 ವರ್ಷದಿಂದಲೇ, 3-5 ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರು ಹೇಗೂ ಔಷಧಿಗೆ ಎಆರ್‌ಟಿ ಕೇಂದ್ರಕ್ಕೆ ಬರುತ್ತಾರೆ. ಪರೀಕ್ಷೆಯೂ ಅಲ್ಲೇ ಆಗಲಿ. ಮತ್ತೆ ಬೇರೆ ಕಡೆ ಸಾಲಿನಲ್ಲಿ ನಿಂತು ತಮ್ಮ ಕಥೆ ಹೇಳಿಕೊಳ್ಳುವಂತೆ ಮಾಡಬೇಡಿ.


ಹಳೆಯ ಆಪ್ತ ಸಹಾಯಕ ಬರೆದದ್ದು:

ನಾನು ಮೇಜಿನ ಆಚೆ ಬದಿ ಕೂತಿದ್ದವನು. ಇಂಥ ಮನವಿಗಳನ್ನು ತೆಗೆದುಕೊಂಡು ಫೈಲಿಗೆ ಹಾಕುವುದೇ ನನ್ನ ಕೆಲಸವಾಗಿತ್ತು. 'ಜಾಗೃತಿ ಮೂಡಿಸಬೇಕು' ಅನ್ನುವ ಮನವಿಗೆ ಉತ್ತರ ಕೊಡುವುದು ತುಂಬಾ ಸುಲಭ. ಒಂದು ಸಭೆ, ಒಂದು ಬ್ಯಾನರ್, ಒಂದು ಫೋಟೋ, ಮುಗಿಯಿತು. ಜನಪ್ರತಿನಿಧಿ ತಮ್ಮ ಕೈಯಿಂದಲೇ ಮಾಡಬಹುದಾದ್ದನ್ನು ಕೇಳಿ. ಸದನದಲ್ಲಿ ಪ್ರಶ್ನೆ ಹಾಕುವುದು ಅವರ ಕೈಯಲ್ಲಿದೆ. ಕಳೆದ ವರ್ಷ ದೋಷ ಕಂಡವರೆಷ್ಟು, ಅವರಲ್ಲಿ ಚಿಕಿತ್ಸೆ ಮುಗಿದವರೆಷ್ಟು ಎಂದು ಕೇಳಿದರೆ ಇಲಾಖೆ ಲಿಖಿತ ಉತ್ತರ ಕೊಡಲೇಬೇಕು. ಮಾಹಿತಿ ಇಲ್ಲ ಎಂದು ಬರೆದರೂ ಅದು ನಿಮಗೆ ದೊಡ್ಡ ದಾಖಲೆ. ಪ್ರಶ್ನೆಯನ್ನು ನೀವೇ ಬರೆದು ಮನವಿಯ ಜೊತೆ ಕೊಡಿ. ಸಿದ್ಧ ಪ್ರಶ್ನೆ ಕೈಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಬಜೆಟ್ ತಯಾರಿ ಶುರುವಾಗುವ ಮೊದಲು ಹೋಗಿ, ಮಂಡನೆ ಆದ ಮೇಲೆ ಹೋದರೆ ಇನ್ನೊಂದು ವರ್ಷ ಹೋಯಿತು.

ಎದುರು ಪಕ್ಷದವರನ್ನೂ ಭೇಟಿ ಮಾಡಿ. ಇದು ಒಂದು ಪಕ್ಷದ ಬೇಡಿಕೆ ಎಂದು ಹೆಸರು ಬಿದ್ದರೆ ಸರಕಾರ ಬದಲಾದ ದಿನವೇ ಸತ್ತುಹೋಗುತ್ತದೆ.

ಸಂಖ್ಯೆಯ ಬಲವೂ ಬೇಕು. 1993ರಲ್ಲಿ ಅಮೆರಿಕದ ಸ್ತನ ಕ್ಯಾನ್ಸರ್ ಒಕ್ಕೂಟ 26 ಲಕ್ಷ ಸಹಿಗಳನ್ನು ಅಧ್ಯಕ್ಷ ಕ್ಲಿಂಟನ್ ಅವರಿಗೆ ಒಪ್ಪಿಸಿತು. ಹಾಗಂತ ಒಬ್ಬರೇ ಇದ್ದರೆ ಆಗುವುದಿಲ್ಲ ಎಂದಲ್ಲ. ಅದೇ ದೇಶದಲ್ಲಿ ನ್ಯಾನ್ಸಿ ಕಪೆಲ್ಲೊ ಎಂಬ ಮಹಿಳೆಗೆ ವರ್ಷ ವರ್ಷವೂ ಮ್ಯಾಮೋಗ್ರಾಮ್ ಸರಿ ಇದೆ ಎಂದೇ ಬರುತ್ತಿತ್ತು. ಆಮೇಲೆ ಕ್ಯಾನ್ಸರ್ ಗೊತ್ತಾಗುವಾಗ ಮುಂದುವರಿದ ಹಂತ. ಅವರ ಸ್ತನದ ಅಂಗಾಂಶ ದಟ್ಟವಾಗಿದ್ದು, ಅಂಥ ಕಡೆ ಗಡ್ಡೆ ಚಿತ್ರದಲ್ಲಿ ಮುಚ್ಚಿಹೋಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಲೇಬೇಕು ಎಂಬ ಕಾನೂನಿಗೆ ಅವರು ಹೋರಾಡಿದರು. 2009ರಲ್ಲಿ ಕನೆಕ್ಟಿಕಟ್ ರಾಜ್ಯ ಮೊದಲು ಮಾಡಿತು, ಆಮೇಲೆ ಒಂದೊಂದೇ ರಾಜ್ಯ. ಇಡೀ ದೇಶಕ್ಕೆ ಆ ನಿಯಮ ಜಾರಿಗೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದನ್ನು ನೋಡಲು ಅವರಿರಲಿಲ್ಲ, 2018ರಲ್ಲೇ ತೀರಿಕೊಂಡಿದ್ದರು. ಈ ಕೆಲಸಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಎಂದು ತಿಳಿದಿರಲಿ ಅಂತ ಹೇಳಿದೆ. ಒಂದು ಭೇಟಿಗೆ ನಿಲ್ಲಿಸಬೇಡಿ.


ಮುಂಗಾರು ಬರೆದದ್ದು:

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಇದನ್ನೆಲ್ಲ ಪ್ರಿಂಟ್ ತೆಗೆದು ಗುಂಪಿನಲ್ಲಿ ಓದಿದೆವು. ಅಂಡಾಶಯದ ಸಾಲು ತೆಗೆಯಲು ಒಬ್ಬರು ಬಹಳ ಹೊತ್ತು ಒಪ್ಪಲಿಲ್ಲ, ಅವರ ಅಮ್ಮ ಹೋದದ್ದು ಅದೇ ಕಾಯಿಲೆಯಲ್ಲಿ. ಕೊನೆಗೆ ಅವರೇ 'ಸಾವು ತಪ್ಪಿಸದ ಪರೀಕ್ಷೆ ನಮಗೆ ಯಾಕೆ' ಎಂದರು. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು ಇಂಥದ್ದು ಬಿಡದೆ ಇದ್ದರೆ ಡಾಕ್ಟರು ತಡಮಾಡದೆ ಮುಂದಿನ ಪರೀಕ್ಷೆಗೆ ಕಳಿಸಬೇಕು ಎಂದು ಬೇರೆಯಾಗಿ ಆರೋಗ್ಯ ಇಲಾಖೆಗೆ ಬರೆಯುತ್ತೇವೆ.

ಈಗಿನ ಕರಡು ಹೀಗಿದೆ:

'ಅರ್ಹ ವಯಸ್ಸಿನ ಎಲ್ಲ ಮಹಿಳೆಯರ ಪಟ್ಟಿ ಮಾಡಿ, ಅವಧಿಗೆ ಸರಿಯಾಗಿ ಪ್ರತಿಯೊಬ್ಬರನ್ನೂ ಕರೆಯಬೇಕು. ಬರದಿದ್ದವರನ್ನು ಮತ್ತೆ ಕರೆಯಬೇಕು. ಎಚ್‌ಪಿವಿ ಪರೀಕ್ಷೆಗೆ ತಾವೇ ಸ್ಯಾಂಪಲ್ ತೆಗೆದುಕೊಳ್ಳುವ ಆಯ್ಕೆ ಇರಬೇಕು. ದೋಷ ಕಂಡವರಿಗೆ ಸಾಧ್ಯವಾದಷ್ಟು ಬೇಗ ಮುಂದಿನ ಪರೀಕ್ಷೆ, ಚಿಕಿತ್ಸೆ ಉಚಿತವಾಗಿ ಆಗಬೇಕು. ಇದಕ್ಕೆ ಬಜೆಟ್‌ನಲ್ಲಿ ಪ್ರತ್ಯೇಕ ಹಣ ಇಡಬೇಕು. ಇನ್ನು ಮುಂದೆ ಕೊಳ್ಳುವ ಮೇಜು, ಯಂತ್ರಗಳು ಅಂಗವಿಕಲ ಮಹಿಳೆಯರಿಗೂ ಬಳಸಲು ಬರುವಂತಿರಬೇಕು. ಯಾರಿಗೆ ಆಯಿತು, ಯಾರಿಗೆ ಆಗಲಿಲ್ಲ ಎಂಬ ಲೆಕ್ಕವನ್ನು ವರ್ಗವಾರು ಬಿಡಿಸಿ ಪ್ರತಿವರ್ಷ ಪ್ರಕಟಿಸಬೇಕು.'

ಸಿಸ್ಟರ್, ನೀವು ಒಮ್ಮೆ ನೋಡುತ್ತೀರಾ? ಅಕ್ಕನೂ ಬರುತ್ತೇನೆ ಎನ್ನುತ್ತಿದ್ದಾಳೆ. ಅವಳಿಂದ ಮಾತಾಡಿಸಬಹುದಾ?


ನಿವೃತ್ತ ಸಿಸ್ಟರ್ ಬರೆದದ್ದು:

ಚೆನ್ನಾಗಿದೆ. 'ಸಾಧ್ಯವಾದಷ್ಟು ಬೇಗ' ತೆಗೆದುಹಾಕಿ, ದಿನದ ಲೆಕ್ಕ ಬರೆಯಿರಿ. ಸ್ತನದಲ್ಲಿ ಗಂಟು ಎಂದು ಬಂದವರಿಗೆ 60 ದಿನದೊಳಗೆ ತೀರ್ಮಾನ ಎಂಬ ಅಳತೆ ಸಿದ್ಧವಿದೆ. ಗರ್ಭಕಂಠದ ದೋಷಕ್ಕೂ ಒಂದು ಗಡುವು ಇಲಾಖೆಯೇ ನಿಗದಿ ಮಾಡಿ ಪ್ರಕಟಿಸಲಿ ಎಂದು ಸೇರಿಸಿ. ಗಡುವು ಇಲ್ಲದ ಕೆಲಸಕ್ಕೆ ಯಾರನ್ನೂ ಕೇಳಲಾಗುವುದಿಲ್ಲ.

ಒಂದು ಸಾಲು ಬಿಟ್ಟುಹೋಗಿದೆ, ಅದು ನನಗೆ ಎಲ್ಲಕ್ಕಿಂತ ಮುಖ್ಯ. ಪ್ರತಿ ಕೇಂದ್ರದಲ್ಲೂ ದೋಷ ಕಂಡವರನ್ನು ಹಿಂಬಾಲಿಸಲು ಹೆಸರು ಹೇಳಿ ಒಬ್ಬರನ್ನು ನೇಮಿಸಬೇಕು. ಆಕೆಯ ಕೆಲಸ ಅದೊಂದೇ. ಫೋನ್ ಸಿಗದಿದ್ದರೆ ಮನೆಗೆ ಹೋಗಬೇಕು, ದೊಡ್ಡ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಬೇಕು, ಚಿಕಿತ್ಸೆ ಮುಗಿಯಿತೆಂದು ತಾನೇ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಆಕೆಗೆ ಸರಿಯಾದ ಸಂಬಳ, ಓಡಾಟದ ಖರ್ಚು ಎರಡೂ ಕೊಡಬೇಕು. ಈಗಾಗಲೇ ಹತ್ತು ಕೆಲಸ ಇರುವ ಕಾರ್ಯಕರ್ತೆಯ ತಲೆಗೆ ಹನ್ನೊಂದನೆಯದಾಗಿ ಕಟ್ಟಿದರೆ ಆಗುವುದಿಲ್ಲ. ಫಾರಂನಲ್ಲಿ ಹೆಂಗಸಿನ ಸ್ವಂತ ನಂಬರ್ ಕೇಳಬೇಕು, ಇಲ್ಲದಿದ್ದರೆ ಆಕೆ ನಂಬುವ ಇನ್ನೊಬ್ಬರ ನಂಬರ್. ಯಾರಿಗೆ ತಿಳಿಸಬಹುದು, ಯಾರಿಗೆ ತಿಳಿಸಬಾರದು ಎಂದೂ ಕೇಳಬೇಕು. ಎಚ್‌ಪಿವಿ ಅಂದಕೂಡಲೇ ಹೆಂಗಸಿನ ನಡತೆಯನ್ನು ಪ್ರಶ್ನೆ ಮಾಡುವ ಮನೆಗಳಿವೆ. ಬಹುಪಾಲು ಜನರಿಗೆ ಜೀವನದಲ್ಲಿ ಯಾವಾಗಲಾದರೂ ಒಮ್ಮೆ ಬಂದುಹೋಗುವ ಸೋಂಕು ಅದು. ಫಲಿತಾಂಶ ಹೇಳುವವರು ಇದನ್ನು ಬಿಡಿಸಿ ಹೇಳಲೇಬೇಕು.

ಅಕ್ಕ ತಾನಾಗಿ ಇಷ್ಟಪಟ್ಟರೆ ಮಾತ್ರ ಮಾತಾಡಲಿ. ಫೋಟೋ ಬೇಡ, ವಿಡಿಯೋ ಬೇಡ ಎಂದು ಮೊದಲೇ ಅವರ ಕಚೇರಿಗೆ ಹೇಳಿಡಿ. ಅರ್ಧ ಗಂಟೆಯಲ್ಲಿ ಅವಳಿಗೆ ಐದು ನಿಮಿಷ ಸಾಕು. ಉಳಿದದ್ದು ಬೇಡಿಕೆಗಳಿಗೆ. ಗಾಲಿಕುರ್ಚಿಯ ತಂಗಿ ಬರಲು ಆಗುವುದಾದರೆ ಅವರನ್ನೂ ಕರೆಯಿರಿ, ಕಚೇರಿಗೆ ಇಳಿಜಾರು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಮನವಿಯ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕರಿಸಿದ ಸಹಿ, ದಿನಾಂಕ, ಮೊಹರು ಹಾಕಿಸಿಕೊಳ್ಳಿ. ಲಿಖಿತ ಉತ್ತರ ಯಾವಾಗ ಕೊಡುತ್ತೀರಿ ಎಂದು ಅಲ್ಲೇ ಕೇಳಿ, ಅವರು ಹೇಳಿದ ದಿನವನ್ನು ಅವರೆದುರಿಗೇ ಬರೆದುಕೊಳ್ಳಿ. ಆ ದಿನ ಬಂದಾಗ ಇಲ್ಲಿ ಬಂದು ತಿಳಿಸಿ. ಉತ್ತರ ಬಂದಿಲ್ಲ ಅಂದರೆ ಮುಂದಿನ ಕಾಗದವನ್ನು ನಾನೇ ಬರೆದುಕೊಡುತ್ತೇನೆ.